ನಗರಸಭೆ ಪಾರ್ಕಿನ ನೀರಾಟದ ಜಾಗಕ್ಕೆ ಗಾಲಿಕುರ್ಚಿಯ ಮಕ್ಕಳೂ ಇಳಿಯುವಂತೆ ಮಾಡಬೇಕು, ಹಣ ಎಲ್ಲಿ ಸಿಗುತ್ತೆ?

ದಾನಿಗಳನ್ನು ಹುಡುಕುವ ಮೊದಲು ನಿಮ್ಮ ನಗರಸಭೆಯ ಬಜೆಟ್ ಪ್ರತಿ ಕೇಳಿ ಪಡೆಯಿರಿ. ಕರ್ನಾಟಕದ ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ಶೇ 5ರ ಅನುದಾನ ಮೀಸಲಿಡಬೇಕು. ನಮ್ಮೂರಲ್ಲಿ ಅದು ಹೆಚ್ಚಾಗಿ ತ್ರಿಚಕ್ರ ವಾಹನ ಕೊಡಲು ಖರ್ಚಾಗುತ್ತಿತ್ತು. ಅದು ಬೇಕಾದದ್ದೇ. ಆದರೆ ಮಕ್ಕಳ ಆಟಕ್ಕೂ ಈ ದುಡ್ಡಲ್ಲಿ ಪಾಲಿದೆ ಎಂದು ನಮ್ಮಂಥ ಅಪ್ಪ ಅಮ್ಮಂದಿರು ಎದ್ದು ನಿಂತು ಕೇಳುವವರೆಗೆ ಯಾರೂ ಆ ಮಾತು ಎತ್ತಿರಲಿಲ್ಲ. ಬಜೆಟ್ ಪೂರ್ವಭಾವಿ ಸಭೆಯಲ್ಲೇ ಕೇಳಿ. ಕ್ರಿಯಾ ಯೋಜನೆಗೆ ಮಂಜೂರಾತಿ ಸಿಕ್ಕ ಮೇಲೆ ಹೋದರೆ ಮುಂದಿನ ವರ್ಷ ಬನ್ನಿ ಅನ್ನುತ್ತಾರೆ.

ಕೇಳುವಾಗ ದಯೆ ತೋರಿಸಿ ಎನ್ನಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮನರಂಜನೆಯ ತಾಣಗಳೂ ಬರುತ್ತವೆ ಎಂದು ಅರ್ಜಿಯಲ್ಲೇ ಬರೆಯಿರಿ. ಜೊತೆಗೆ ಎಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಮಾಡಿಸಿ. ಅದಿಲ್ಲದ ಅರ್ಜಿ ಮೇಜಿನಿಂದ ಮೇಜಿಗೆ ಹೋಗುತ್ತದೆ, ಅಷ್ಟೇ. ಪಟ್ಟಿಯಲ್ಲಿ ಇವು ಇರಲಿ: 12 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಏರದ ಇಳಿಜಾರು, ಒದ್ದೆಯಾದರೂ ಜಾರದ ನೆಲ, ಕಟ್ಟೆಯಿಲ್ಲದೆ ನೆಲದಿಂದಲೇ ಚಿಮ್ಮುವ ಕಾರಂಜಿ, ಗಾಲಿಕುರ್ಚಿ ತಿರುಗುವಷ್ಟು ದೊಡ್ಡ ಬಟ್ಟೆ ಬದಲಿಸುವ ಕೋಣೆ. ಬ್ಯಾಟರಿ ಕುರ್ಚಿಯನ್ನು ನೀರಿಗೆ ಇಳಿಸುವಂತಿಲ್ಲ, ಹಾಗಾಗಿ ತುಕ್ಕು ಹಿಡಿಯದ ಒಂದೆರಡು ಕುರ್ಚಿಗಳು ಅಲ್ಲೇ ಇರಬೇಕು. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ 2017ರಲ್ಲಿ ತೆರೆದ ಮಾರ್ಗನ್ಸ್ ಇನ್‌ಸ್ಪಿರೇಷನ್ ಐಲ್ಯಾಂಡ್ ಎಂಬ ನೀರಾಟದ ಪಾರ್ಕಿನಲ್ಲಿ ಒತ್ತಿದ ಗಾಳಿಯಿಂದ ಓಡುವ ಕುರ್ಚಿಗಳೇ ಇವೆ. ನಮಗೆ ಅಷ್ಟು ಬೇಡ, ತಳ್ಳುವ ಕುರ್ಚಿ ಸಾಕು.

ಶೇ 5ರಲ್ಲಿ ಪೂರ್ತಿ ಆಗದಿದ್ದರೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿದೆ, ವರ್ಷಕ್ಕೆ 2 ಕೋಟಿ. ಸಂಸದರದು 5 ಕೋಟಿ. ಸಿವಿಲ್ ಕೆಲಸಕ್ಕೆ ಇವನ್ನು ಕೇಳಿ.

ಕುರ್ಚಿ, ಉಪಕರಣಗಳಿಗೆ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಹೊಂದುತ್ತದೆ. ಕಾನೂನಿನ ಮಿತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು, ತಮ್ಮ ಕಾರ್ಖಾನೆಯ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕು. ನಿಮ್ಮ ತಾಲ್ಲೂಕಿನಲ್ಲೇ ಕಾರ್ಖಾನೆ ಇದ್ದರೆ ಅಲ್ಲಿಂದಲೇ ಶುರುಮಾಡಿ. ಬೆಂಗಳೂರಿನ ಕಿಲಿಕಿಲಿ ಸಂಸ್ಥೆ ಪಾಲಿಕೆಯ ಪಾರ್ಕುಗಳಲ್ಲಿ ಎಲ್ಲ ಮಕ್ಕಳೂ ಆಡುವಂಥ ಜಾಗ ಮಾಡಿಸಿದೆ. ಅವುಗಳಲ್ಲಿ ಒಂದಾದ ಕೋಲ್ಸ್ ಪಾರ್ಕಿಗೆ ಒಮ್ಮೆ ನಿಮ್ಮ ಎಂಜಿನಿಯರನ್ನೇ ಕರೆದುಕೊಂಡು ಹೋಗಿ ತೋರಿಸಿ.

ಇನ್ನೊಂದು ಮಾತು, ಇದನ್ನು ಬಿಡಲೇಬೇಡಿ. ಪಂಪು, ಫಿಲ್ಟರ್, ಕ್ಲೋರಿನ್, ಕಾವಲುಗಾರರ ಸಂಬಳ ಪ್ರತಿ ವರ್ಷ ಬರುವ ಖರ್ಚು. ಕಟ್ಟಿಸಿಕೊಡುವವರು ಸಿಗುತ್ತಾರೆ, ನಿರ್ವಹಣೆಗೆ ಕೊಡುವವರು ಕಡಿಮೆ. ಅದು ನಗರಸಭೆಯದೇ ಹೊಣೆ ಎಂದು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ, ಅದರ ನಕಲು ನಿಮ್ಮ ಹತ್ತಿರ ಇಟ್ಟುಕೊಂಡ ಮೇಲೆಯೇ ಕಂಪನಿಯವರ ಬಾಗಿಲು ತಟ್ಟಿ.