ಇಂಡಸ್ಟ್ರಿಯಲ್ ಕೆಮಿಸ್ಟ್ರಿಯಲ್ಲಿ ಬರ್ತಿರೋ ಹೊಸ ಟೆಕ್ನಾಲಜಿಗಳನ್ನ ಸಂಶೋಧಕರು ಕಡಿಮೆ ಸಮಯದಲ್ಲಿ ಫಾಲೋ ಮಾಡೋದು ಹೇಗೆ? ಯಾವ ಟೂಲ್ ಒಳ್ಳೇದು?

ಹೊಸ ಪೇಪರ್ ಬಂತು ಅಂತ ದಿನಾ ನೂರಾರು ಅಲರ್ಟ್ ಬರುತ್ತೆ, ಓದಿ ಮುಗಿಯಲ್ಲ, ಆದ್ರೂ ಏನೋ ಮಿಸ್ ಆಗ್ತಿದೆ ಅನ್ಸುತ್ತೆ ಅಂತ ಬರ್ದಿದ್ದೀರಲ್ಲ, ಅದನ್ನ ಓದಿದಾಗ ನನ್ನ ಪಿಎಚ್‌ಡಿ ದಿನಗಳನ್ನೇ ಯಾರೋ ಎತ್ತಿ ಬರೆದ ಹಾಗಿತ್ತು. ಟೂಲ್ ವಿಷಯ, ಎಐ ಸಾರಾಂಶ ಕೊಡೋ ಟೂಲ್ ಬಗ್ಗೆ ಕೇಳಿದ್ದೂ ಸೇರಿ, ಆಮೇಲೆ ಹೇಳ್ತೀನಿ, ಮೊದ್ಲು ನಾನು ಎಲ್ಲಿ ಎಡವಿದೆ ಅಂತ ಕೇಳಿ.

ನಾನು ಕೆಲಸ ಮಾಡ್ತಿದ್ದದ್ದು ಎಫ್‌ಡಿಸಿಎ ಮೇಲೆ, ಅಂದ್ರೆ ಫ್ಯೂರಾನ್ ಡೈಕಾರ್ಬಾಕ್ಸಿಲಿಕ್ ಆಸಿಡ್. ಸಕ್ಕರೆಯಿಂದ ಮಾಡಬಹುದು, ನೀರಿನ ಬಾಟಲಿಗೆ ಬಳಸೋ ಪೆಟ್ ಪ್ಲಾಸ್ಟಿಕ್‌ನಲ್ಲಿರೋ ಟೆರೆಫ್ತಾಲಿಕ್ ಆಸಿಡ್ ತೆಗೆದು ಇದನ್ನ ಹಾಕಿದ್ರೆ ಪಿಇಎಫ್ ಅನ್ನೋ ಪ್ಲಾಸ್ಟಿಕ್ ಆಗುತ್ತೆ, ಆಕ್ಸಿಜನ್ ಒಳಗೆ ನುಸುಳದ ಹಾಗೆ ತಡೆಯೋದ್ರಲ್ಲಿ ಅದು ಪೆಟ್‌ಗಿಂತ ಎಷ್ಟೋ ಮೇಲು. 2004ರಲ್ಲಿ ಅಮೆರಿಕದ ಇಂಧನ ಇಲಾಖೆ ಬಯೋಮಾಸ್‌ನಿಂದ, ಅಂದ್ರೆ ಸಸ್ಯಮೂಲದ ವಸ್ತುಗಳಿಂದ, ತಯಾರಿಸಬಹುದಾದ ಮುಖ್ಯ ಕೆಮಿಕಲ್‌ಗಳು ಅಂತ 12ರ ಪಟ್ಟಿ ಪ್ರಕಟಿಸಿದಾಗ ಇದೂ ಅದ್ರಲ್ಲಿತ್ತು, ಆಮೇಲೆ ಕೇಳ್ಬೇಡಿ, ಪೇಪರ್ ಮೇಲೆ ಪೇಪರ್.

ನಾನು ಅಲರ್ಟ್ ಹಾಕಿದ್ದು ಎಚ್‌ಎಮ್‌ಎಫ್ ಆಕ್ಸಿಡೇಶನ್, ಕ್ಯಾಟಲಿಸ್ಟ್ (ರಿಯಾಕ್ಷನ್ ವೇಗ ಹೆಚ್ಚಿಸೋ ವಸ್ತು) ಅನ್ನೋ ಕೀವರ್ಡ್‌ಗಳಿಗೆ. ಎಚ್‌ಎಮ್‌ಎಫ್ ಅಂದ್ರೆ ಸಕ್ಕರೆಯಿಂದ ಬರೋ ಹೈಡ್ರಾಕ್ಸಿಮೀಥೈಲ್ ಫರ್ಫ್ಯೂರಾಲ್, ಅದನ್ನ ಆಕ್ಸಿಡೈಸ್ ಮಾಡಿದ್ರೆ ಎಫ್‌ಡಿಸಿಎ, ಹಾಗಾಗಿ ಕೀವರ್ಡ್ ಸರಿಯಾಗೇ ಇದೆ ಅಂತ ನನಗೆ ಒಂಚೂರೂ ಅನುಮಾನ ಬರ್ಲಿಲ್ಲ. ಬರ್ತಿದ್ದ ಪೇಪರ್‌ಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ: ನೀರು, ಅದಕ್ಕೆ ಕಾಸ್ಟಿಕ್ ಸೋಡಾ, ಚಿನ್ನ ಅಥವಾ ಪ್ಲಾಟಿನಂ ಕ್ಯಾಟಲಿಸ್ಟ್, ಆಕ್ಸಿಜನ್, ಕೊನೆಗೆ ಒಂದು ಟೇಬಲ್‌ನಲ್ಲಿ ನಮ್ಮ ಯೀಲ್ಡ್ (ಕೊನೆಗೆ ಕೈಗೆ ಸಿಗೋ ಪ್ರಾಡಕ್ಟ್ ಪ್ರಮಾಣ) ಇಷ್ಟು ಅವ್ರ ಯೀಲ್ಡ್ ಅಷ್ಟು. ನಾನೂ ಅದೇ ಓಟಕ್ಕೆ ಬಿದ್ದೆ. ಯೀಲ್ಡ್ ಚೆನ್ನಾಗೇ ಬಂತು ಅನ್ನಿ.

ಆಮೇಲೆ ಒಂದು ಪ್ರಾಜೆಕ್ಟ್ ರಿವ್ಯೂನಲ್ಲಿ ಪ್ಲಾಂಟ್ ಕಡೆಯಿಂದ ಬಂದಿದ್ದ ಹಿರಿಯ ಎಂಜಿನಿಯರ್ ಒಬ್ರು, ಪ್ರೆಸೆಂಟೇಶನ್ ಪೂರ್ತಿ ಕೇಳಿಸ್ಕೊಂಡು, ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಾ ಸರಿ, ಉಪ್ಪನ್ನ ಎಲ್ಲಿಗೆ ಹಾಕ್ತೀರಿ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಲೆಕ್ಕ ನೋಡಿ. ಕಾಸ್ಟಿಕ್‌ನಲ್ಲಿ ಮಾಡಿದ್ರೆ ಸಿಗೋದು ಆಸಿಡ್ ಅಲ್ಲ, ಅದರ ಡೈಸೋಡಿಯಂ ಸಾಲ್ಟ್. ಆಸಿಡ್ ಬೇಕಂದ್ರೆ ಹೈಡ್ರೋಕ್ಲೋರಿಕ್ ಹಾಕಬೇಕು, ಆಗ ಒಂದು ಮೋಲ್ ಎಫ್‌ಡಿಸಿಎ ಜೊತೆ ಎರಡು ಮೋಲ್ ಉಪ್ಪು, ನಮ್ಮ ಅಡುಗೆ ಉಪ್ಪೇ, ಬರುತ್ತೆ. 156 ಗ್ರಾಂ ಪ್ರಾಡಕ್ಟ್‌ಗೆ 117 ಗ್ರಾಂ ಉಪ್ಪು. ಅಂದ್ರೆ ಒಂದು ಟನ್ ಎಫ್‌ಡಿಸಿಎ ಮಾಡಿದ್ರೆ ಮುಕ್ಕಾಲು ಟನ್ ಉಪ್ಪು, ಅದೂ ಪೂರ್ತಿ ನೀರಲ್ಲಿ ಕರಗಿರೋದು. ಕಾಸ್ಟಿಕ್ ಕೊಳ್ಳಬೇಕು, ಆಸಿಡ್ ಕೊಳ್ಳಬೇಕು, ಎರಡನ್ನೂ ಒಂದಕ್ಕೊಂದು ಹೊಡೆದು ಹಾಕಿ ಆ ಉಪ್ಪುನೀರನ್ನ ಸಾಗಹಾಕೋಕೆ ಮತ್ತೆ ದುಡ್ಡು ಕೊಡಬೇಕು. ಲ್ಯಾಬ್‌ನ ಸಣ್ಣ ಸೀಸೆಯಲ್ಲಿ ಇದೆಲ್ಲ ಕಣ್ಣಿಗೇ ಬೀಳಲ್ಲ, ಸಿಂಕಿಗೆ ಸುರಿದು ಮರೆತುಬಿಡ್ತೀವಿ.

ಸರಿ, ಕಂಪನಿಗಳು ಹಾಗಾದ್ರೆ ಏನು ಮಾಡ್ತಿದ್ವು? ಅವ್ರು ಕಾಸ್ಟಿಕ್ ಮುಟ್ಟಿರ್ಲೇ ಇಲ್ಲ. ಟೆರೆಫ್ತಾಲಿಕ್ ಆಸಿಡ್‌ಗೆ ದಶಕಗಳಿಂದ ಬಳಸ್ತಿರೋ ಹಳೇ ವ್ಯವಸ್ಥೆನೇ, ಅಸೆಟಿಕ್ ಆಸಿಡ್‌ನಲ್ಲಿ ಕೋಬಾಲ್ಟ್, ಮ್ಯಾಂಗನೀಸ್, ಬ್ರೋಮೈಡ್, ಜೊತೆಗೆ ಗಾಳಿ. ಎಫ್‌ಡಿಸಿಎ ಅದ್ರಲ್ಲಿ ಅಷ್ಟಾಗಿ ಕರಗಲ್ಲ, ತಾನಾಗೇ ಘನವಾಗಿ ಕೆಳಗೆ ಕೂರುತ್ತೆ, ಸೋಸಿದ್ರಾಯ್ತು. ಇನ್ನೊಂದು ವಿಷಯ ಅಂದ್ರೆ ಅವಾಂಟಿಯಂ ಅನ್ನೋ ಡಚ್ ಕಂಪನಿ ಎಚ್‌ಎಮ್‌ಎಫ್‌ನಿಂದ ಶುರುನೇ ಮಾಡಿರ್ಲಿಲ್ಲ, ಯಾಕಂದ್ರೆ ಎಚ್‌ಎಮ್‌ಎಫ್ ಬೇಗ ಕೆಡೋ ವಸ್ತು. ಸಕ್ಕರೆಯನ್ನ ನೀರಿನ ಬದಲು ಮೆಥನಾಲ್‌ನಲ್ಲಿ ಹಾಕಿ ಎಚ್‌ಎಮ್‌ಎಫ್‌ನ ಮೀಥೈಲ್ ಈಥರ್ ಮಾಡ್ಕೊಂಡು ಅದನ್ನ ಆಕ್ಸಿಡೈಸ್ ಮಾಡ್ತಿದ್ರು. ನನ್ನ ಅಲರ್ಟ್ ಕಾಯ್ತಿದ್ದದ್ದು ಎಚ್‌ಎಮ್‌ಎಫ್‌ಗೆ. ಅವ್ರ ಪೇಟೆಂಟ್‌ಗಳ ಶೀರ್ಷಿಕೆಯಲ್ಲಿ ಇರ್ತಿದ್ದದ್ದು ಪ್ರಾಡಕ್ಟ್ ಹೆಸರು ಮಾತ್ರ.

ಪೇಟೆಂಟ್ ನೋಡ್ಲಿಲ್ಲ, ಅಷ್ಟೇ ತಾನೇ ತಪ್ಪು ಅಂತ ನೀವು ಅಂದ್ಕೊಳ್ಳಬಹುದು. ಅಲ್ಲ, ಅದಕ್ಕೇ ಇಷ್ಟು ಎಳೀತಿದ್ದೀನಿ. ನಾನು ಪೇಟೆಂಟ್ ನೋಡಿದ್ದೆ, ಗೂಗಲ್ ಪೇಟೆಂಟ್ಸ್‌ನಲ್ಲಿ ಅದೇ ಕೀವರ್ಡ್ ಹಾಕಿ ಮೊದಲ ಪುಟ ಕಣ್ಣಾಡಿಸಿ, ವಿಶೇಷ ಏನಿಲ್ಲ ಅಂತ ಮುಚ್ಚಿದ್ದೆ. ಮೇಲಿಂದ, ಬೇಡದ್ದು ಜಾಸ್ತಿ ಬರ್ತಿದೆ ಅಂತ ಅಲರ್ಟನ್ನ ಇನ್ನೂ ಬಿಗಿ ಮಾಡ್ತಾ ಹೋದೆ, ಬಿಗಿ ಮಾಡಿದಷ್ಟೂ ನನ್ನಂಥವ್ರ ಪೇಪರ್‌ಗಳೇ ಬರೋಕೆ ಶುರುವಾಯ್ತು, ಎಲ್ಲಾ ಚೆನ್ನಾಗಿ ಹೊಂದ್ತಿದೆ ಅಂತ ಖುಷಿ ಬೇರೆ. ಅಂದ್ರೆ ಉತ್ತರ ಏನಿರ್ಬೇಕು ಅಂತ ನಾನೇ ಮೊದ್ಲು ತೀರ್ಮಾನ ಮಾಡಿ ಅದನ್ನ ಹುಡುಕಾಟದೊಳಗೆ ತುರುಕಿದ್ದೆ. ಅದರ ಬದಲು ಸಿಪಿಸಿ ಕ್ಲಾಸ್‌ನಲ್ಲಿ, ಅಂದ್ರೆ ಪೇಟೆಂಟ್‌ಗಳನ್ನ ವಿಷಯದ ಪ್ರಕಾರ ವಿಂಗಡಿಸೋ ಕೋಡ್‌ನಲ್ಲಿ, ಈ ಪ್ರಾಡಕ್ಟ್‌ಗೆ ಅದು ಸಿ07ಡಿ 307/68, ಹುಡುಕಿದ್ದಿದ್ರೆ ಯಾವ ಕಚ್ಚಾವಸ್ತುವಿಂದ ಹೊರಟ್ರೂ ಎಲ್ಲಾ ಒಂದೇ ಕಡೆ ಬಂದು ಬೀಳ್ತಿತ್ತು. ಪ್ರಾಜೆಕ್ಟ್ ಮುಂದುವರೀಲಿಲ್ಲ, ಥೀಸಿಸ್ ಹೇಗೋ ಆಯ್ತು, ನಾನು ಅಂದ್ಕೊಂಡಿದ್ದ ಕೆಲಸ ಮಾತ್ರ ಕೈತಪ್ಪಿತು.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರೋ "ಹೊಸ ಟೆಕ್ನಾಲಜಿ ಫಾಲೋ ಮಾಡೋದು" ಅನ್ನೋದನ್ನೇ ನಾನು ಒಪ್ಪಲ್ಲ. ಟೆಕ್ನಾಲಜಿ ಹಿಂದೆ ಓಡಬೇಡಿ, ತೊಂದರೆ ಹಿಂದೆ ಹೋಗಿ. ನಿಮ್ಮ ಪ್ರಾಸೆಸ್‌ನಲ್ಲಿ ದುಡ್ಡು ಎಲ್ಲಿ ಸೋರ್ತಿದೆ, ಶಾಖದಲ್ಲಾ, ಉಪ್ಪಲ್ಲಾ, ಬೇರ್ಪಡಿಸೋದ್ರಲ್ಲಾ, ಕ್ಯಾಟಲಿಸ್ಟ್ ಬೇಗ ಸಾಯೋದ್ರಲ್ಲಾ, ಅದನ್ನ ಹಿಡ್ಕೊಳ್ಳಿ. ಐಯುಪಿಎಸಿ ಅನ್ನೋ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಸಂಸ್ಥೆ 2019ರಿಂದ ಪ್ರತಿ ವರ್ಷ ಹತ್ತು ಉದಯೋನ್ಮುಖ ಟೆಕ್ನಾಲಜಿಗಳ ಪಟ್ಟಿ ಕೊಡ್ತಿದೆ, ಮೊದಲ ಪಟ್ಟಿಯಲ್ಲೇ ಎಮ್‌ಒಎಫ್ (ಲೋಹ ಮತ್ತು ಸಾವಯವ ಅಣುಗಳಿಂದ ಕಟ್ಟಿದ, ತುಂಬಾ ರಂಧ್ರಗಳಿರೋ ವಸ್ತು) ಇತ್ತು, 2025ರಲ್ಲಿ ಅದಕ್ಕೆ ನೊಬೆಲ್ ಬಂತು. ಓದಿ, ತಪ್ಪೇನಿಲ್ಲ. ಆದ್ರೆ ಪಟ್ಟಿ ಏನು ಬರುತ್ತೆ ಅಂತ ಹೇಳುತ್ತೆ, ಯಾವಾಗ, ಏನು ಅಡ್ಡ ನಿಂತಿದೆ ಅಂತ ಹೇಳಲ್ಲ.

ಉದಾಹರಣೆಗೆ, ಟಿಎಸ್-1 ಅಂತ ಟೈಟೇನಿಯಂ ಇರೋ ಜಿಯೋಲೈಟ್ (ಸೂಕ್ಷ್ಮ ರಂಧ್ರಗಳಿರೋ ಖನಿಜದ ಥರದ ಕ್ಯಾಟಲಿಸ್ಟ್) ಇದೆ, ಅದರ ಅಮೆರಿಕನ್ ಪೇಟೆಂಟ್ 1983ರದ್ದು. ಅದನ್ನ ಬಳಸಿ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಪ್ರೊಪಿಲೀನ್ ಆಕ್ಸೈಡ್ (ಫೋಮ್ ಪ್ಲಾಸ್ಟಿಕ್‌ನ ಕಚ್ಚಾವಸ್ತು) ಮಾಡೋ ದೊಡ್ಡ ಪ್ಲಾಂಟ್‌ಗಳು ಶುರುವಾಗಿದ್ದು 2008ರಲ್ಲಿ, ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ, ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ. ಕ್ಯಾಟಲಿಸ್ಟ್ ಕೈಯಲ್ಲಿದ್ರೂ ಅಗ್ಗದ ಪೆರಾಕ್ಸೈಡ್ ಭಾರೀ ಪ್ರಮಾಣದಲ್ಲಿ ಬೇಕಿತ್ತಲ್ಲ. ಬರೀ ಜಿಯೋಲೈಟ್ ಪೇಪರ್ ಓದ್ತಾ ಕೂತವ್ರಿಗೆ ಆ ದಿನ ಹತ್ರ ಬಂದಿದ್ದು ಗೊತ್ತೇ ಆಗಿರಲ್ಲ, ಪೆರಾಕ್ಸೈಡ್ ಪ್ಲಾಂಟ್‌ಗಳ ಗಾತ್ರ ನೋಡ್ತಿದ್ದವ್ರಿಗೆ ಗೊತ್ತಾಗಿರುತ್ತೆ. ಇನ್ನೊಂದು, 2024ರಲ್ಲಿ ಬಿಎಎಸ್‌ಎಫ್, ಸಾಬಿಕ್, ಲಿಂಡೆ ಮೂರೂ ಕಂಪನಿಗಳು ಸೇರಿ ಜರ್ಮನಿಯ ಲುಡ್‌ವಿಗ್ಸ್‌ಹಾಫೆನ್‌ನಲ್ಲಿ ಕರೆಂಟಿಂದ ಬಿಸಿ ಮಾಡೋ ಸ್ಟೀಮ್ ಕ್ರ್ಯಾಕರ್ (ಹೈಡ್ರೋಕಾರ್ಬನ್‌ಗಳನ್ನ ಶಾಖದಿಂದ ಸಣ್ಣ ಅಣುಗಳಾಗಿ ಒಡೆಯೋ ಕುಲುಮೆ) ಡೆಮೊ ಶುರು ಮಾಡಿದ್ವು, 6 ಮೆಗಾವ್ಯಾಟ್, ಗಂಟೆಗೆ ಸುಮಾರು 4 ಟನ್ ಹೈಡ್ರೋಕಾರ್ಬನ್. ಒಳಗಿನ ರಿಯಾಕ್ಷನ್ ಹಳೇದೇ, ಬದಲಾಗಿದ್ದು ಒಲೆ. ಕ್ಯಾಟಲಿಸ್ಟ್ ಅಂತ ಅಲರ್ಟ್ ಹಾಕ್ಕೊಂಡು ಕೂತವ್ರಿಗೆ ಇದು ಬರೋದೇ ಇಲ್ಲ.

ಈಗ ನಾನು ಮಾಡೋದು ಇಷ್ಟು. ದ ಲೆನ್ಸ್ ಅನ್ನೋ ಪೇಟೆಂಟ್ ಹುಡುಕೋ ವೆಬ್‌ಸೈಟ್‌ನಲ್ಲಿ ಕೆಲವೇ ಕೆಲವು ಕ್ಲಾಸ್ ಕೋಡ್‌ಗಳ ಹುಡುಕಾಟ ಸೇವ್ ಮಾಡಿ ಅಲರ್ಟ್ ಇಟ್ಟಿದ್ದೀನಿ, ವಾರಕ್ಕೊಮ್ಮೆ ಕೂತು ನೋಡ್ತೀನಿ, ದಿನಾ ನೋಡಲ್ಲ. ಪೇಟೆಂಟ್ ಹೊರಗೆ ಬರೋದೇ ಮೊದಲ ಅರ್ಜಿಯಿಂದ 18 ತಿಂಗಳಿಗೆ, ಇನ್ನೊಂದು ವಾರ ಕಾದ್ರೆ ಏನೂ ಮುಳುಗಿಹೋಗಲ್ಲ. ಪೇಟೆಂಟ್ ತೆಗೆದ ತಕ್ಷಣ ಕ್ಲೇಮ್ಸ್ (ಯಾವುದರ ಮೇಲೆ ಹಕ್ಕು ಕೇಳ್ತಿದ್ದಾರೆ ಅನ್ನೋ ಭಾಗ) ಬಿಟ್ಟು ನೇರ ಎಕ್ಸಾಂಪಲ್ಸ್‌ಗೆ (ಪ್ರಯೋಗಗಳ ವಿವರ) ಹೋಗಿ. ಅಲ್ಲಿ ಗ್ರಾಂ ಲೆಕ್ಕದಲ್ಲಿ ಬ್ಯಾಚ್ ಮಾಡಿದ್ದಾರಾ, ಅಥವಾ ನೂರಾರು ಗಂಟೆ ನಿರಂತರ ಓಡಿಸಿದ್ದಾರಾ, ಉಳಿದದ್ದನ್ನ ಮತ್ತೆ ಒಳಗೆ ಬಿಡೋ ರೀಸೈಕಲ್ ಸ್ಟ್ರೀಮ್ ಇದೆಯಾ, ಕಲ್ಮಶಗಳ ಟೇಬಲ್ ಇದೆಯಾ ನೋಡಿ. ಕಲ್ಮಶದ ಬಗ್ಗೆ ತಲೆಕೆಡಿಸ್ಕೊಂಡಿದ್ದಾರೆ ಅಂದ್ರೆ ಮಾರೋ ಯೋಚನೆ ಇದೆ ಅಂತಾನೇ ಅರ್ಥ, ನನ್ನ ಮಟ್ಟಿಗೆ. ಆಮೇಲೆ ಎಸ್ಪಾಸ್‌ನೆಟ್‌ನಲ್ಲಿ (ಯೂರೋಪಿನ ಪೇಟೆಂಟ್ ಕಚೇರಿಯ ವೆಬ್‌ಸೈಟ್) ಪೇಟೆಂಟ್‌ನ ಲೀಗಲ್ ಸ್ಟೇಟಸ್ ನೋಡಿ: ಫೀಸ್ ಕಟ್ಟದೆ ಬಿಟ್ಟಿದ್ರೆ ಅದರ ಮೇಲೆ ಅವ್ರಿಗೇ ನಂಬಿಕೆ ಹೋಗಿರೋ ಸಾಧ್ಯತೆ ಜಾಸ್ತಿ. ಯೂರೋಪಿನ ಕೆಮಿಕಲ್ ಕಾನೂನಾದ ರೀಚ್‌ನ ನೋಂದಣಿನೂ ನೋಡಿ, ಒಂದು ಕಂಪನಿ ವರ್ಷಕ್ಕೆ 1 ಟನ್ ಅಥವಾ ಜಾಸ್ತಿ ಮಾಡಿದ್ರೆ ಇಲ್ಲಾ ತರಿಸ್ಕೊಂಡ್ರೆ ನೋಂದಾಯಿಸಬೇಕು, ಟನ್ನೇಜ್ ಶ್ರೇಣಿ ಸಾಮಾನ್ಯವಾಗಿ ಸಾರ್ವಜನಿಕವಾಗೇ ಸಿಗುತ್ತೆ. ಪತ್ರಿಕಾ ಪ್ರಕಟಣೆಗಿಂತ ನನಗೆ ಅದ್ರ ಮೇಲೆ ನಂಬಿಕೆ.

ಪೇಪರ್ ಬೇಡ್ವಾ ಅಂದ್ರೆ ಬೇಕು, ಅನುಮಾನದ ಜೊತೆ. ಕರೆಂಟ್ ಹಾಯಿಸಿ ನೈಟ್ರೋಜನ್‌ನಿಂದ ಅಮೋನಿಯಾ ಮಾಡಿದ್ವಿ ಅನ್ನೋ ಪೇಪರ್‌ಗಳು ಸಾಲುಸಾಲಾಗಿ ಬಂದ್ವಲ್ಲ, 2019ರಲ್ಲಿ ನೇಚರ್ ಜರ್ನಲ್‌ನಲ್ಲಿ ನೈಟ್ರೋಜನ್-15 ಐಸೊಟೋಪ್ ಹಾಕಿ ಕಟ್ಟುನಿಟ್ಟಾಗಿ ಪರೀಕ್ಷಿಸೋ ವಿಧಾನ ಬಂದಾಗ ಗೊತ್ತಾಯ್ತು, ಗಾಳಿಯಿಂದ, ಗ್ಯಾಸ್ ಸಿಲಿಂಡರ್‌ನಿಂದ, ಉಸಿರಿಂದ ಕೂಡ ಬರೋ ಅಮೋನಿಯಾ ಮತ್ತು ನೈಟ್ರೋಜನ್ ಆಕ್ಸೈಡ್‌ಗಳೇ ರಿಸಲ್ಟ್ ಥರ ಕಾಣಬಹುದು ಅಂತ. ಎಐ ಸಾರಾಂಶ ಕೊಡೋ ಟೂಲ್‌ಗಳ ಬಗ್ಗೆ ಕೇಳಿದ್ರಿ, ಅದು ಅಬ್‌ಸ್ಟ್ರ್ಯಾಕ್ಟ್ (ಪೇಪರ್ ಶುರುವಲ್ಲಿರೋ ಚಿಕ್ಕ ಸಾರಾಂಶ) ಓದಿ ನಿಮಗೆ ಹೇಳಿದ್ರೆ ಏನು ಬಂತು? ಉಪ್ಪು ಎಲ್ಲಿಗೆ ಹೋಯ್ತು ಅಂತ ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಯಾರೂ ಬರೆಯಲ್ಲ.

ಮತ್ತೆ, ದಿನಾ ನೋಡದಿದ್ರೆ ಹಿಂದೆ ಬೀಳ್ತೀನಿ ಅನ್ನೋ ಭಯ ಬಿಡಿ. ಎಫ್‌ಡಿಸಿಎ ಪಟ್ಟಿಗೆ ಬಂದಿದ್ದು 2004ರಲ್ಲಿ, ಬಿಎಎಸ್‌ಎಫ್ ಮತ್ತು ಅವಾಂಟಿಯಂ ಸೇರಿ ಕಟ್ಟಿದ ಸಿನ್ವಿನಾ ಅನ್ನೋ ಜಂಟಿ ಕಂಪನಿ 2019ರಲ್ಲಿ ಮುರಿದುಬಿತ್ತು, ಅವಾಂಟಿಯಂನ ವರ್ಷಕ್ಕೆ 5,000 ಟನ್‌ನ ಪ್ಲಾಂಟ್ ನೆದರ್ಲೆಂಡ್ಸ್‌ನ ಡೆಲ್ಫ್‌ಝೈಲ್‌ನಲ್ಲಿ ಉದ್ಘಾಟನೆ ಆಗಿದ್ದು 2024ರಲ್ಲಿ. ಇಪ್ಪತ್ತು ವರ್ಷ ರೀ.

ನಿಮ್ಮ ವಿಷಯ ಏನು ಅಂತ ಬರ್ದಿಲ್ಲ, ಹಾಗಾಗಿ ಕೋಡ್ ನಾನು ಹೇಳೋಕಾಗಲ್ಲ. ಹುಡುಕೋದು ಸುಲಭ: ನಿಮ್ಮ ಪ್ರಾಡಕ್ಟ್ ಮಾಡೋ ಯಾವುದಾದ್ರೂ ಮೂರ್ನಾಲ್ಕು ಪೇಟೆಂಟ್ ತೆಗೀರಿ, ಬೇರೆ ಬೇರೆ ಕಂಪನಿಗಳದ್ದಿರ್ಲಿ, ಎಲ್ಲದ್ರಲ್ಲೂ ಇರೋ ಸಿಪಿಸಿ ಕೋಡ್ ಯಾವುದು ನೋಡಿ, ಅದನ್ನ ಹಿಡ್ಕೊಳ್ಳಿ. ಕಾಮೆಂಟ್‌ನಲ್ಲಿ ಪ್ರಾಡಕ್ಟ್ ಹೆಸರು ಹಾಕಿದ್ರೆ ನಾನೂ ಒಮ್ಮೆ ಹುಡುಕಿ ನೋಡ್ತೀನಿ.