ಶಂಕ್ರಣ್ಣ ಈಗ ನನಗಿಂತ ಹದಿಮೂರು ವರ್ಷ ಸಣ್ಣವರು

"ನನಗೆ ಮೂವತ್ತೊಂದು. ಕಾಲೇಜಿನಲ್ಲಿ ಕೇಳಿದ ಹಾಡು ಈಗ ಎಲ್ಲಾದರೂ ಕಿವಿಗೆ ಬಿದ್ದರೆ ಖುಷಿಗಿಂತ ಸಂಕಟವೇ ಜಾಸ್ತಿ. ವಯಸ್ಸಾಯಿತು ಅಂತ ನಿಮಗೆ ಮೊದಲ ಸಲ ಅನಿಸಿದ್ದು ಯಾವ ಹಾಡಿನಿಂದ, ಯಾವ ಸಿನಿಮಾದಿಂದ?" ಅಂತ ಕೇಳಿದ್ದೀರಿ.

ಮೂವತ್ತೊಂದಕ್ಕೇ ಶುರುವಾಯ್ತಾ ಮಾರಾಯ್ರೆ! ನನಗೆ ನಲವತ್ತೆಂಟು. ಊರು ಉಡುಪಿ. ನನಗೆ ಅದು ಗೊತ್ತಾದದ್ದು ಒಂದು ರಿಕ್ಷಾದಲ್ಲಿ.

ಕಳೆದ ಮಳೆಗಾಲ ಕುಂಜಿಬೆಟ್ಟಿನ ಹತ್ತಿರ ನನ್ನ ಸ್ಕೂಟರ್ ಕೈಕೊಟ್ಟಿತು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ರಿಕ್ಷಾ ಹಿಡಿದೆ. ಓಡಿಸುತ್ತಿದ್ದ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೆರಡು ಇರಬಹುದು. ಎದುರಿನ ಗಾಜಿನ ಮೇಲೆ ಶಂಕರ್ ನಾಗ್ ಸ್ಟಿಕ್ಕರ್, ಕೆಳಗೆ ಕೆಂಪು ಅಕ್ಷರದಲ್ಲಿ "ಶಂಕ್ರಣ್ಣ". 1980ರಲ್ಲಿ ಆಟೋ ಡ್ರೈವರ್ ಪಾತ್ರ ಮಾಡಿದ್ದೇ ಮಾಡಿದ್ದು, ರಿಕ್ಷಾದವರು ಇವತ್ತಿನವರೆಗೂ ಅವರನ್ನು ಬಿಟ್ಟಿಲ್ಲ. ಮಳೆ, ಟ್ರಾಫಿಕ್ ಜಾಮ್, ಮಾತಿಗೆ ಏನಾದರೂ ಬೇಕಲ್ಲ. ಸುಮ್ನೆ ಕೇಳಿದೆ, "ನೀನು ಹುಟ್ಟುವ ಎಷ್ಟೋ ವರ್ಷ ಮೊದಲೇ ಹೋದವರಲ್ವಾ ಅವರು, ನಿನಗೆ ಹೇಗೆ ಅಣ್ಣ?"

"ಶಂಕ್ರಣ್ಣ ಎಲ್ಲರಿಗೂ ಅಣ್ಣನೇ ಅಂಕಲ್" ಅಂದ.

ಅವರು ಅಣ್ಣ, ನಾನು ಅಂಕಲ್. ಬಸ್ ಸ್ಟ್ಯಾಂಡ್ ಬರುವ ತನಕ ಮನಸ್ಸಲ್ಲೇ ಲೆಕ್ಕ ಹಾಕಿದೆ. ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ಕ್ಕೆ, ದಾವಣಗೆರೆ ಹತ್ತಿರ ಕಾರು ಅಪಘಾತದಲ್ಲಿ. ಆಗ ಅವರಿಗೆ 35. ಅಂದರೆ ನಾನು ಅವರನ್ನು ದಾಟಿ ಹದಿಮೂರು ವರ್ಷ ಆಗಿದೆ. ದಾಟಿದ ವರ್ಷ ಗೊತ್ತೇ ಆಗಲಿಲ್ಲ. ಮಗಳು ಹುಟ್ಟಿದ್ದು, ಮನೆ ಸಾಲ, ಅಮ್ಮನ ಕಣ್ಣಿನ ಆಪರೇಷನ್, ಇದರ ನಡುವೆ ಎಲ್ಲೋ ಆಗಿಹೋಗಿದೆ.

ಆವತ್ತು ರಾತ್ರಿ ಅವರ ಒಂದು ಸಿನಿಮಾ ಹಾಕಿ ನೋಡಿದೆ. ಚಿಕ್ಕವನಿದ್ದಾಗ ತೆರೆಯ ಮೇಲೆ ಅವರು ಬೈಕ್ ಹತ್ತಿದರೆ ನನಗೆ ರೋಮಾಂಚನ. ಈಗ ನೋಡುವಾಗ, "ಹೆಲ್ಮೆಟ್ ಹಾಕು ಮಾರಾಯ" ಅಂತ ಬಾಯಿಗೆ ಬಂತು! ಅಣ್ಣ ಅಂತ ನೋಡಿದವರನ್ನು ತಮ್ಮನ ಹಾಗೆ ನೋಡುವುದು ಇದೆಯಲ್ಲ, ನನಗೆ ವಯಸ್ಸಾದದ್ದು ಖಾತ್ರಿಯಾದದ್ದು ಅಲ್ಲಿ. ಕನ್ನಡಿ ಎದುರು ನಿಂತಾಗಲೂ ಅಷ್ಟು ಅನಿಸಿರಲಿಲ್ಲ.

ಅವರ ಅಣ್ಣ ಅನಂತ್ ನಾಗ್ ವಿಷಯ ನೋಡಿ. 1948ರಲ್ಲಿ ಹುಟ್ಟಿದವರು. ಪ್ರೇಮಿಯಾಗಿ ನೋಡಿದ್ದೇವೆ, ಗಂಡನಾಗಿ, ಅಪ್ಪನಾಗಿ, ಈಗ ಅಜ್ಜನಾಗಿಯೂ ನೋಡುತ್ತಿದ್ದೇವೆ. ನಮ್ಮ ತಲೆ ನರೆತ ಹಾಗೆ ಅವರದ್ದೂ ನರೆಯಿತು. ಹಾಗಾಗಿ ಅವರ ಹಳೆಯ ಸಿನಿಮಾ ನೋಡಿದರೆ ನನಗೆ ಸಂಕಟ ಆಗುವುದಿಲ್ಲ, ಸಂಬಂಧಿಕರ ಮದುವೆ ಆಲ್ಬಂ ನೋಡಿದ ಹಾಗೆ ಇರುತ್ತದೆ. ಆರು ವರ್ಷ ಸಣ್ಣವರಾದ ತಮ್ಮ ಮಾತ್ರ ಮೂವತ್ತೈದಕ್ಕೇ ನಿಂತುಬಿಟ್ಟರು.

ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಹಾಡುಗಳೇ ಜನರಿಗೆ ಕೊನೆ ತನಕ ಜಾಸ್ತಿ ನೆನಪಿರುತ್ತವೆ ಅಂತ ಮನಶ್ಶಾಸ್ತ್ರದವರು ಹೇಳುತ್ತಾರೆ. ಇರಬಹುದು. ಆದರೆ ನೆನಪಿರುವುದು ಬೇರೆ, ಸಂಕಟ ಆಗುವುದು ಬೇರೆ ಅಲ್ವಾ? ನಾವು ನಡೆದುಬಿಟ್ಟೆವು, ಹಾಡು ಅಲ್ಲೇ ಕೂತಿದೆ. ನನಗಂತೂ ಸಂಕಟ ಅದಕ್ಕೇ.

ನಿಂತುಹೋದವರು ನನಗೆ ಇನ್ನೊಬ್ಬರಿದ್ದಾರೆ. ಅದೇ 1990ರವರು. ಗುಂಡ್ಮಿ ಕಾಳಿಂಗ ನಾವಡರು. ಘಟ್ಟದ ಮೇಲಿನವರಿಗೆ ಹೆಸರು ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಬಡಗುತಿಟ್ಟು ಅಂದರೆ ಉತ್ತರದ ಶೈಲಿಯ ಯಕ್ಷಗಾನದ ಭಾಗವತರು, ಪದ್ಯ ಹಾಡಿ ಆಟ ನಡೆಸುವವರು, ಸಾಲಿಗ್ರಾಮ ಮೇಳದಲ್ಲಿದ್ದವರು. ನಮ್ಮ ಕಡೆ ಆ ಕಾಲಕ್ಕೆ ಸಿನಿಮಾದ ಗಾಯಕರಿಗೂ ಅಷ್ಟು ಅಭಿಮಾನಿಗಳು ಇರಲಿಲ್ಲ. ಗದ್ದೆಯಲ್ಲಿ ಡೇರೆ ಹಾಕಿ ಟಿಕೆಟ್ ಇಟ್ಟು ಆಡುವ ಆಟ. ಅಪ್ಪಯ್ಯ ನನ್ನನ್ನು ಕರೆದುಕೊಂಡು ಹೋಗಿ ನೆಲದ ಮೇಲೆ ಬೈರಾಸು ಹಾಸಿ ಕೂರಿಸುತ್ತಿದ್ದರು. ನಾನು ನಡುರಾತ್ರಿಗೆ ನಿದ್ದೆ. ಆದರೆ ಆ ಸ್ವರ ಮೇಲಕ್ಕೆ ಹೋದರೆ, ಎಂಥ ನಿದ್ದೆಯಲ್ಲಿದ್ದರೂ ಎಚ್ಚರ. ಆ ಮೇ ತಿಂಗಳಲ್ಲಿ, ಮೇಳದ ತಿರುಗಾಟದ ನಡುವೆ, ರಸ್ತೆ ಅಪಘಾತದಲ್ಲಿ ಹೋದರು. ಮೂವತ್ತೆರಡರ ಹತ್ತಿರ ಹತ್ತಿರ ವಯಸ್ಸು. ನಾನು ಏಳನೇ ಕ್ಲಾಸು. ಸುದ್ದಿ ಬಂದ ದಿನ ಅಪ್ಪಯ್ಯ ಮಧ್ಯಾಹ್ನ ಊಟಕ್ಕೆ ಕೂತವರು ಹಾಗೇ ಎದ್ದು ಹೋದದ್ದು ನೆನಪಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಒಂದು ಆದಿತ್ಯವಾರ, ಶಂಕರ್ ನಾಗ್ ಸುದ್ದಿ. ಆವತ್ತು ಊಟ ಬಿಟ್ಟದ್ದು ನಾನು. ಅಪ್ಪಯ್ಯನಿಗೆ ಸಿನಿಮಾ ಅಷ್ಟಕ್ಕಷ್ಟೇ. ಆದರೂ ಏನೂ ಹೇಳಲಿಲ್ಲ, ಬಯ್ಯಲೂ ಇಲ್ಲ.

ಮುಂದೆ ಕಾಲೇಜು ರಜೆಯಲ್ಲಿ ಎರಡು ವರ್ಷ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ ಮಾಡಿದೆ. ಜನ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ತರುತ್ತಿದ್ದರು, ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುವುದು ನನ್ನ ಕೆಲಸ. ಅರುವತ್ತರ ಕ್ಯಾಸೆಟ್ ಅಂದರೆ ಒಂದೊಂದು ಬದಿಗೆ 30 ನಿಮಿಷ, ತೊಂಬತ್ತರದ್ದಾದರೆ 45. ಕೊನೆಯ ಹಾಡು ಅರ್ಧಕ್ಕೆ ತುಂಡಾದರೆ ಗಿರಾಕಿ ವಾಪಸ್ ಬಂದು ಜಗಳ. ಹಾಗಾಗಿ ನಾಲ್ಕೂವರೆ ನಿಮಿಷದ್ದು ಯಾವುದು, ಮೂರು ನಿಮಿಷದ್ದು ಯಾವುದು ಅಂತ ಬಾಯಿಪಾಠ ಇರುತ್ತಿತ್ತು. ಇವತ್ತಿಗೂ ಎಷ್ಟೋ ಹಾಡು ನನಗೆ ನೆನಪಿರುವುದು ಸಾಹಿತ್ಯದಿಂದಲ್ಲ, ನಿಮಿಷದಿಂದ! ಸಿನಿಮಾ ಹಾಡಿನ ಪಟ್ಟಿಯ ಕೊನೆಗೆ "ಜಾಗ ಉಳಿದರೆ ನಾವಡರ ಪದ್ಯ" ಅಂತ ಬರೆದು ಕೊಡುವವರೂ ಇದ್ದರು. ಜಾಗ ಉಳಿಯುವ ಹಾಗೆ ನಾನೇ ಹೊಂದಿಸುತ್ತಿದ್ದೆ.

ಆ ಅಂಗಡಿ ಈಗಿಲ್ಲ. ಥಿಯೇಟರುಗಳ ಕಥೆಯೂ ಅಷ್ಟೇ. ಮಂಗಳೂರಿನಲ್ಲಿ ಜ್ಯೋತಿ ಟಾಕೀಸ್ ಕೆಡವಿಯಾಯ್ತು, ಆದರೂ ಸಿಟಿ ಬಸ್ಸಿನ ಕಂಡಕ್ಟರ್ "ಜ್ಯೋತಿ, ಜ್ಯೋತಿ" ಅಂತ ಕೂಗುವುದು ನಿಂತಿಲ್ಲ. ಇಳಿದರೆ ಸಿನಿಮಾ ಇಲ್ಲ, ಅಷ್ಟೇ.

ನಿಮಗೆ ನಿಜವಾಗಿ ಹೇಳಬೇಕು ಅಂತಿದ್ದದ್ದು ಇದು. ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ ಮಾವ ತಂದುಕೊಟ್ಟ ಟೂ ಇನ್ ಒನ್, ರೇಡಿಯೋ ಮತ್ತು ಕ್ಯಾಸೆಟ್ ಪ್ಲೇಯರ್ ಎರಡೂ ಒಂದರಲ್ಲೇ ಇರುವುದು, ನಮ್ಮ ಮನೆಯಲ್ಲಿ ಈಗಲೂ ಇದೆ. ಅಪ್ಪಯ್ಯನಿಗೆ 79. ಮೊಬೈಲಿನಲ್ಲಿ ನಾವಡರ ಪದ್ಯ ಬೇಕಾದಷ್ಟು ಸಿಗುತ್ತದೆ, ಹಾಕಿ ಕೊಟ್ಟರೆ "ಇದು ಆಗ್ಲಿಕ್ಕಿಲ್ಲ" ಅನ್ನುತ್ತಾರೆ. ಕ್ಯಾಸೆಟ್ಟೇ ಆಗಬೇಕು. ಮಳೆಗಾಲ ಬಂದರೆ ಟೇಪಿಗೆ ಬಿಳಿ ಬೂಸ್ಟು, ಅದನ್ನು ಒರೆಸಿ ಒಣಗಿಸುವುದು ಒಂದು ಕೆಲಸ.

ಒಂದು ಸಂಜೆ ಕ್ಯಾಸೆಟ್ ಹಾಕಿದರೆ ಸ್ವರ ಏನೋ ಬೇರೆ. ಶ್ರುತಿ ಇಳಿದಿದೆ, ಚಂಡೆ ಮೆತ್ತಗಾಗಿದೆ, ಎತ್ತರಕ್ಕೆ ಹೋಗುವ ಕಡೆ ಒಂಥರಾ ನಡುಕ. ನನಗೆ ಕಾರಣ ಗೊತ್ತು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಒಳಗಿನ ರಬ್ಬರ್ ಬೆಲ್ಟ್ ಹಳತಾಗಿ ಸಡಿಲಾದರೆ ಜಾರುತ್ತದೆ, ಓಟ ನಿಧಾನ ಆಗುತ್ತದೆ, ಸ್ವರ ತಗ್ಗುತ್ತದೆ. ಬಂದ್ ಮಾಡಲು ಕೈ ಹಾಕಿದೆ.

ಅಪ್ಪಯ್ಯ ಕೈ ಎತ್ತಿ ತಡೆದರು. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಪೂರ್ತಿ ಪದ್ಯ ಕೇಳಿದರು. ತಾಳವನ್ನೂ ಆ ನಿಧಾನಕ್ಕೇ ಹೊಂದಿಸಿಕೊಂಡಿದ್ದರು. ಮುಗಿದ ಮೇಲೆ ಅಂದರು, "ನಾವಡ್ರಿಗೆ ವಯಸ್ಸಾಗಿದ್ರೆ ಸ್ವರ ಹೀಗೇ ಆಗ್ತಿತ್ತೋ ಏನೋ."

ಮರುದಿನ ರಿಪೇರಿಗೆ ಕೊಟ್ಟೆ. ಬೆಲ್ಟ್ ಸಿಗಲು ಒಂದು ತಿಂಗಳು ಹಿಡಿಯಿತು. ಹೊಸ ಬೆಲ್ಟ್ ಹಾಕಿದ ಮೇಲೆ ನಾವಡರು ಮತ್ತೆ ಮೂವತ್ತರ ಹುಡುಗ, ಅದೇ ಕಂಚಿನ ಕಂಠ. ಅಪ್ಪಯ್ಯ ಕೇಳಿ, "ಹಾಂ, ಸರಿಯಾಯ್ತು" ಅಂದರು. ಆದರೆ ಆವತ್ತು ಎರಡನೇ ಪದ್ಯಕ್ಕೆ ಎದ್ದು ತೋಟಕ್ಕೆ ಹೋದರು.

ಹಾಗಾಗಿ ಹಳೆಯ ಹಾಡು ಕೇಳಲು ಹೆದರಬೇಡಿ ಅಂತ ನಾನು ಹೇಳುವುದಿಲ್ಲ, ಹೆದರಿಕೆ ನನಗೂ ಇದೆ. ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಹೋದ ವಾರದಿಂದ ಆ ಬೆಲ್ಟ್ ಮತ್ತೆ ಸ್ವಲ್ಪ ಸಡಿಲಾದ ಹಾಗಿದೆ. ಈ ಸಲ ರಿಪೇರಿಗೆ ಕೊಟ್ಟಿಲ್ಲ.