ಕರೆದವನು ದೇವರಾದರೆ ಇಷ್ಟು ಕಷ್ಟ ಯಾಕೆ?

(ಆತನ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಉತ್ತರ ಕರ್ನಾಟಕದ ಹಳ್ಳಿಯ ಯುವಕ. ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಒಂದು ಸೆಮಿನರಿಯಲ್ಲಿ, ಅಂದರೆ ಕ್ರೈಸ್ತ ದೇವಶಾಸ್ತ್ರ ಕಾಲೇಜಿನಲ್ಲಿ, ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಮೂರನೇ ವರ್ಷ. ಓದಿಸುತ್ತಿರುವುದು ಊರಿನ ಕ್ರೈಸ್ತ ಸಭೆ. ಮುಂದೆ ಸಭಾಪಾಲಕನಾಗಿ ಬರ್ತಾನೆ ಅಂತ ಎಲ್ಲರೂ ಕಾಯುತ್ತಿದ್ದಾರೆ.

"ದೇವರು ನನ್ನನ್ನು ಬೇಡ ಅಂತಿದ್ದಾನೆ ಅನ್ಸುತ್ತೆ." ನನ್ನ ಬಳಿ ಬಂದು ಕೂತವನ ಮೊದಲ ಮಾತು ಇದು.

ಹೀಬ್ರೂ ಪೇಪರ್ ಎರಡು ಸಲ ಹೋಗಿತ್ತು. ತಂದೆಗೆ ಲಕ್ವಾ ಹೊಡೆದು ಮನೆಯ ದುಡಿಮೆ ನಿಂತಿತ್ತು. ಸಭೆಯಿಂದ ಬರಬೇಕಾದ ಫೀಸು ಬಂದಿರಲಿಲ್ಲ. ಬಾಕಿ ಇರುವವರ ಪಟ್ಟಿಯಲ್ಲಿ ತನ್ನ ಹೆಸರು ನೋಡಿ, ಊಟದ ಹಾಲ್‌ಗೆ ಎಲ್ಲರೂ ಎದ್ದು ಹೋದ ಮೇಲೆ ಹೋಗುತ್ತಿದ್ದ. ಇದರ ಜೊತೆಗೆ ಕ್ಲಾಸಿನ ಪಾಠ ಬೇರೆ. ಬೈಬಲಿನ ಆದಿಕಾಂಡದ ಮೊದಲೆರಡು ಅಧ್ಯಾಯಗಳಲ್ಲಿ ಸೃಷ್ಟಿಯ ವಿವರ ಎರಡು ಬಗೆಯಾಗಿದೆ, ಮೋಶೆಯ ಐದು ಪುಸ್ತಕಗಳ ಹಿಂದೆ ಹಲವು ಮೂಲಗಳಿರಬಹುದು ಎಂಬ ಪಂಡಿತರ ವಾದ ಕೇಳಿ ಸಂಡೇ ಸ್ಕೂಲಿನ ಕಾಲದ ನಂಬಿಕೆಯೆಲ್ಲ ಅಲುಗಾಡಿತ್ತು. ಅದನ್ನು ಊರಲ್ಲಿ ಯಾರ ಹತ್ತಿರ ಹೇಳೋದು? ಚಾಪೆಲ್‌ನಲ್ಲಿ ಪ್ರಾರ್ಥನೆ ನಡೆಸುವ ಸರದಿ ಬಂದಾಗ ಬಾಯಿಂದ ಮಾತೇ ಹೊರಡಲಿಲ್ಲವಂತೆ.

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇದನ್ನು ಕೇಳಲು ಯಾರೂ ಹಿಂಜರಿಯಬಾರದು. "ಇಲ್ಲ, ಬೆಳಗ್ಗೆ ಏಳೋದೇ ಬೇಡ ಅನ್ಸುತ್ತೆ" ಅಂದ. ಮೊದಲು ಮಾಡಿದ ಕೆಲಸ, ಮನೋವೈದ್ಯರ ಬಳಿ ಕಳಿಸಿದ್ದು. ರಾತ್ರಿ ತೀರಾ ಕಷ್ಟವಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಫೋನಿನಲ್ಲಿ ಸೇವ್ ಮಾಡಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ್ ಹತ್ತಿರ ಹೋದರೆ ವಿಶ್ವಾಸ ಕಡಿಮೆ ಅಂತ ಆಗಲ್ವಾ ಎಂದು ಕೇಳಿದ. ಇಬ್ಬರೂ ಕೂತು 1 ಅರಸುಗಳು 19ನೇ ಅಧ್ಯಾಯ ಓದಿದೆವು. ಪ್ರವಾದಿ ಎಲೀಯನು ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ಆಗ ದೇವದೂತ ಬುದ್ಧಿವಾದ ಹೇಳುವುದಿಲ್ಲ. ಮಲಗಲು ಬಿಡುತ್ತಾನೆ, ಎಬ್ಬಿಸಿ ರೊಟ್ಟಿ ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರ ಜೊತೆಗಿನ ಮಾತುಕತೆ ಆಮೇಲಿನದು.

ಊರಿನವರು, ಸ್ನೇಹಿತರು ಎಲ್ಲರೂ ಆತನಿಗೆ ಹೇಳಿದ್ದು ಒಂದೇ ಮಾತು: "ದೇವರು ನಿನ್ನನ್ನು ಪುಟಕ್ಕೆ ಹಾಕ್ತಿದ್ದಾನೆ, ತಾಳ್ಕೋ." ಕಷ್ಟದ ದಿನಗಳಲ್ಲಿ ಕರ್ತನು ತನ್ನ ಸೇವಕರನ್ನು ರೂಪಿಸುತ್ತಾನೆ ಎಂದು ನಾನೂ ಮನಸಾರೆ ನಂಬುತ್ತೇನೆ. ಆದರೆ ಎಲ್ಲ ಕಷ್ಟಕ್ಕೂ ದೇವರ ಪರೀಕ್ಷೆ ಎಂದೇ ಹೆಸರಿಟ್ಟರೆ ಮನುಷ್ಯರು ಮಾಡಬೇಕಾದ ಕೆಲಸ ಹಾಗೇ ಉಳಿಯುತ್ತದೆ. ಫೀಸು ಬಾರದೇ ಇದ್ದದ್ದು ಸಭೆಯ ಕಮಿಟಿಯ ಮರೆವು. ಅದನ್ನು ಕೇಳಿ ಪಡೆಯಬೇಕಿತ್ತು. ಆತ ಒಂದು ಸಲವೂ ಕೇಳಿರಲಿಲ್ಲ. ದೇವರ ಮೇಲೆ ಭಾರ ಹಾಕಿದವನು ಮನುಷ್ಯರನ್ನು ಕೇಳಬಾರದು ಎಂಬ ಭಾವನೆ.

ಆದಿಕಾಂಡದ ಯೋಸೇಫನನ್ನು ನೆನಪಿಸಿದೆ. ಹದಿನೇಳರಲ್ಲಿ ಮನೆ ಬಿಟ್ಟವನು ಈಜಿಪ್ಟಿನ ಅರಸ ಫರೋಹನ ಮುಂದೆ ನಿಂತದ್ದು ಮೂವತ್ತರಲ್ಲಿ. ನಡುವೆ ಗುಂಡಿ, ಗುಲಾಮಗಿರಿ, ಸೆರೆಮನೆ. ಅವನು ಸೆರೆಯಲ್ಲಿ ಸುಮ್ನೆ ಕೂತಿರಲಿಲ್ಲ. ನಿನಗೆ ಒಳ್ಳೆಯದಾದಾಗ ನನ್ನ ವಿಷಯ ಫರೋಹನಿಗೆ ತಿಳಿಸು, ಇಲ್ಲಿಂದ ಬಿಡಿಸು ಎಂದು ಜೊತೆಗೆ ಸೆರೆಯಲ್ಲಿದ್ದ ಅರಸನ ಪಾನದಾಯಕನನ್ನು ಬಾಯಿಬಿಟ್ಟು ಕೇಳಿದ. ಆ ಮನುಷ್ಯ ಮರೆತುಬಿಟ್ಟ. ಪೂರ್ತಿ ಎರಡು ವರ್ಷ. ಕೇಳಿದ್ದಕ್ಕೆ ಯೋಸೇಫನ ನಂಬಿಕೆ ಕಡಿಮೆಯಾಯಿತು ಅಂತ ಆ ಕಥೆಯಲ್ಲಿ ಎಲ್ಲೂ ಇಲ್ಲ. ಪಾನದಾಯಕ ಮರೆತ ಅಂತ ದೇವರ ಕೆಲಸ ನಿಲ್ಲಲೂ ಇಲ್ಲ.

ಕಮಿಟಿಗೆ ಕಾಗದ ಬರೆದುಕೊಂಡು ಬಾ ಅಂದೆ. ತಂದ. ಮೊದಲ ಪುಟದ ಮುಕ್ಕಾಲು ಭಾಗ ಕ್ಷಮಾಪಣೆ. "ತಮಗೆ ತೊಂದರೆ ಕೊಡುತ್ತಿರುವುದಕ್ಕೆ", "ಅಯೋಗ್ಯನಾದ ನಾನು"... ಬಾಕಿ ಎಷ್ಟು ಅನ್ನುವುದು ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ. ಪೆನ್ನು ಅವನ ಕೈಗೇ ಕೊಟ್ಟೆ. ಒಂದೊಂದೇ ಸಾಲು ಹೊಡೆದು ಹಾಕಿದ. ಕೊನೆಗೆ ಉಳಿದದ್ದು ನಾಲ್ಕು ಸಾಲು: ಇಷ್ಟು ಹಣ ಬಾಕಿ, ಈ ತಾರೀಖಿನೊಳಗೆ ಕಟ್ಟಬೇಕು, ತಂದೆಯ ಸ್ಥಿತಿ ಹೀಗಿದೆ, ನನಗಾಗಿ ಪ್ರಾರ್ಥಿಸಿ. ಕಳಿಸುವಾಗ ಕೈ ನಡುಗುತ್ತಿತ್ತು.

ಹೀಬ್ರೂ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅದು ಆತ್ಮಿಕ ಸಮಸ್ಯೆಯೇ ಅಲ್ಲ. ಇಂಗ್ಲಿಷಿನಲ್ಲಿ ವಿವರಿಸಿದ ವ್ಯಾಕರಣ ಅವನಿಗೆ ತಲೆಗೆ ಹತ್ತುತ್ತಿರಲಿಲ್ಲ. ಸೀನಿಯರ್ ಒಬ್ಬರಿಂದ ಕನ್ನಡದಲ್ಲಿ ಹೇಳಿಸಿಕೋ ಅಂದೆ. ಮೇಷ್ಟ್ರಿಗೂ ವಿಷಯ ತಿಳಿಸಲು ಹೇಳಿದೆ.

ನಂಬಿಕೆಯ ಅಲುಗಾಟಕ್ಕೆ ಮಾತ್ರ ಹಲವು ವಾರ ಬೇಕಾಯಿತು. ಪ್ರಾರ್ಥನೆ ಬಾರದಿದ್ದರೆ ಸ್ವಂತ ಮಾತು ಹುಡುಕಬೇಡ, ಕೀರ್ತನೆ 13 ಅಥವಾ 88 ಓದು ಅಂದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ದೇವರ ಜೊತೆಗಿನ ಮಾತೇ. ಪಾಠದ ಪ್ರಶ್ನೆಗಳನ್ನು ಮಾತ್ರ ಪಾಠ ಮಾಡಿದವರ ಹತ್ತಿರವೇ ಒಯ್ಯಲು ಹೇಳಿದೆ. ಅವರೂ ಈ ಹಾದಿ ದಾಟಿಯೇ ಬಂದಿರುತ್ತಾರೆ ಅಲ್ವಾ?

ಒಂದು ದಿನ ಆತನೇ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಯ ಮಾತು ತೆಗೆದ. ಸೆರಾಂಪುರ ಕಾಲೇಜು ಕಟ್ಟಿದವರಲ್ಲಿ ಒಬ್ಬರು, ಅದರ ಸೆನೆಟ್ ಕೊಡುವ ಬಿ.ಡಿ. ಓದುವವರಿಗೆ ಕೇರಿ ಗೊತ್ತಿರಲೇಬೇಕು. 1793ರಲ್ಲಿ ಬಂಗಾಳಕ್ಕೆ ಬಂದವರು ಮೊದಲ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರಿನಲ್ಲಿ. "ಅವರು ಏಳು ವರ್ಷ ತಾಳಿದರು, ನನಗೆ ಮೂರು ವರ್ಷಕ್ಕೇ ಸಾಕಾಯ್ತು" ಅಂದ. ಆ ವರ್ಷಗಳಲ್ಲಿ ಕೇರಿ ನೀಲಿ ಬಣ್ಣ (ಇಂಡಿಗೊ) ತಯಾರಿಸುವ ಕಾರ್ಖಾನೆ ನೋಡಿಕೊಂಡು ಸಂಬಳ ತೆಗೆದುಕೊಂಡರು, ಹೊಟ್ಟೆಪಾಡು ನಡೆಸುತ್ತಲೇ ಭಾಷೆ ಕಲಿತರು. ಅವರ ಪುಟ್ಟ ಮಗ ಪೀಟರ್ 1794ರಲ್ಲಿ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸಿನ ಆರೋಗ್ಯ ಕೆಟ್ಟಿತು, ಮತ್ತೆ ಸರಿಹೋಗಲೇ ಇಲ್ಲ. ಆ ತಾಯಿಯ ನೋವನ್ನು ಪ್ರಸಂಗಗಳಲ್ಲಿ ತ್ಯಾಗ ಎಂದು ಹೊಗಳುವುದು ನನಗೆ ಸಹಿಸದು. ಮನೆಯವರ ನರಳಾಟ ಸೇವೆಯ ಅಲಂಕಾರವಲ್ಲ ಎಂದು ಆತನಿಗೆ ಖಂಡಿತವಾಗಿ ಹೇಳಿದೆ. ತಂದೆಗೆ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿಸುವುದೂ ಈಗ ಅವನ ಸೇವೆಯೇ.

ಎಲ್ಲಕ್ಕಿಂತ ಆಳದಲ್ಲಿದ್ದದ್ದು ತಾಯಿಯ ಹರಕೆ. ಈ ಮಗು ಉಳಿದರೆ ನಿನ್ನ ಸೇವೆಗೆ ಕೊಡ್ತೀನಿ ಎಂದು ಅವರು ಬೈಬಲಿನ ಸಮುವೇಲನ ತಾಯಿ ಹನ್ನಳ ಹಾಗೆ ಹೇಳಿಕೊಂಡಿದ್ದರು. ಓದು ಬಿಟ್ಟರೆ ಅಮ್ಮನ ಮಾತು ಮುರಿದಂತೆ ಎಂಬ ಭಯ ಆತನನ್ನು ಒಳಗೇ ತಿನ್ನುತ್ತಿತ್ತು. ಸಮುವೇಲನನ್ನು ತಾಯಿ ಆಲಯಕ್ಕೆ ಒಪ್ಪಿಸಿದ್ದು ಒಂದು ದಿನ, ದೇವರು ಅವನ ಹೆಸರು ಹಿಡಿದು ಕರೆದದ್ದು ಇನ್ನೊಂದು ದಿನ. ಎರಡೂ ಒಂದೇ ಅಲ್ಲ. ಹಾಗಾದರೆ ನಿನ್ನನ್ನು ಕರೆದದ್ದು ಯಾವಾಗ ಎಂದು ಕೇಳಿದೆ.

ತುಂಬಾ ಹೊತ್ತು ಯೋಚಿಸಿದ. ಪಿಯುಸಿ ಓದುವಾಗ ಪಕ್ಕದ ಮನೆಯ ಅಜ್ಜನಿಗೆ ಕಣ್ಣು ಹೋಗಿತ್ತು. ದಿನಾ ಸಂಜೆ ಹೋಗಿ ಸತ್ಯವೇದ ಓದಿ ಹೇಳುತ್ತಿದ್ದ. ಯಾರೂ ಹೇಳಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. "ಅಜ್ಜ ತೀರಿಕೊಂಡ ಮೇಲೂ ಆ ಹೊತ್ತಿಗೆ ಕಾಲು ಅಲ್ಲಿಗೇ ಹೋಗೋದು" ಅಂದ. ಹಾಗಾದರೆ ಸೇವೆ ನಿನ್ನೊಳಗೂ ಇದೆ, ಬರೀ ಹರಕೆಯಲ್ಲ, ಅದನ್ನು ಬರೆದಿಡು ಅಂದೆ.

ಕಮಿಟಿಯಿಂದ ಅರ್ಧ ಹಣ ಬಂದಿದೆ. ಉಳಿದದ್ದಕ್ಕೆ ಇನ್ನೊಂದು ಕಾಗದ ಹೋಗಿದೆ, ಈ ಸಲ ನನಗೆ ತೋರಿಸದೆ. ಮಾತ್ರೆ ನಡೆಯುತ್ತಿದೆ, ನಿದ್ದೆ ಬರುತ್ತಿದೆ. ಹೀಬ್ರೂ ಇನ್ನೂ ಬಾಕಿ. ಒಂದು ವರ್ಷ ಓದು ನಿಲ್ಲಿಸಿ ಮನೆಯಲ್ಲಿರಬೇಕೇ ಎಂದು ಆತ ಇನ್ನೂ ನಿರ್ಧರಿಸಿಲ್ಲ, ನಾನು ಅವಸರ ಮಾಡಿಲ್ಲ. ಮುಂದಿನ ಸಲ ತಾಯಿಯನ್ನೂ ಕರೆದುಕೊಂಡು ಬರುತ್ತಾನೆ.